ಕೊಳಗ ಯಾರ ಕೈಲಿದೆ?

(ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಒಂದು ದಿನದ ಅಧ್ಯಯನ ಶಿಬಿರದಲ್ಲಿ ನಮ್ಮ ತಂಡದ ಪರವಾಗಿ ಆಡಿದ ಮಾತುಗಳು. ಅಲ್ಲಲ್ಲಿ ತಿದ್ದಿ ಕೊಟ್ಟಿದೆ.)



ಬೆಳಿಗ್ಗೆಯಿಂದ ಇಲ್ಲಿ ಹಾಡಾಗಿದೆ, ಘೋಷಣೆಯಾಗಿದೆ. ಈಗ ನಮಗೆ ಕೊಟ್ಟಿರುವ ವಿಷಯ ‘ಪ್ರಾದೇಶಿಕ ನೀತಿಗಳ ಅಧ್ಯಯನ ಮತ್ತು ಸ್ಥಳೀಯ ಸಮುದಾಯಗಳ ಪಾತ್ರ’. ಕರಪತ್ರದಲ್ಲಿ ಇದನ್ನು ಓದಿದಾಗ ನಮಗೇ ಬಾಯಿ ಒಣಗಿತು. ಇದು ನಮ್ಮ ಮಾತಲ್ಲ, ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತವರ ಮಾತು ಅನ್ನಿಸಿತು. ಇದನ್ನ ನಮ್ಮವ್ವಂದಿರಿಗೆ ಹೆಂಗೆ ಹೇಳೋದು ಅಂತ ಯೋಚನೆ ಮಾಡಿದ್ವಿ. ಹೀಗೆ ಹೇಳಬಹುದು: “ಅವ್ವಾ, ನಮ್ಮ ಕೇರಿಗೆ ಏನು ಬರಬೇಕಾಗಿತ್ತು, ಏನು ಬಂತು, ನಡುವೆ ಎಲ್ಲಿ ಹೋಯ್ತು ಅಂತ ಲೆಕ್ಕ ಬರೆಯೋದು. ಬರೆದ ಲೆಕ್ಕವನ್ನ ಊರ ಸಭೆಯಲ್ಲಿ ಎದ್ದು ನಿಂತು ಓದೋದು.” ಇಷ್ಟೇ ಈ ವಿಷಯ. ಬರೆಯೋದು ಅಧ್ಯಯನ, ಎದ್ದು ಓದೋದು ಪಾತ್ರ. ಒಂದು ಬಿಟ್ಟು ಇನ್ನೊಂದಿಲ್ಲ.

ಇದು ನಮ್ಮ ಸೀಮೆಗೆ ಹೊಸದೂ ಅಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನ ಹೆಸರು ನೀವೆಲ್ಲ ಕೇಳಿದ್ದೀರಿ. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರು, ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜತೆಗೆ ಬಂದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದೆಲ್ಲ ಪರೀಕ್ಷೆಗೆ ಬರುವ ಉತ್ತರ. ಆದರೆ ಜಗಳ ಶುರುವಾದದ್ದು ಯಾವುದರಿಂದ? ಒಂದು ಕೊಳಗದಿಂದ. ಭತ್ತ ಅಳೆಯುವ ಕೊಳಗ. ಗೇಣಿ ಅಳೆದುಕೊಳ್ಳುವಾಗ ಒಡೆಯರು ತರುತ್ತಿದ್ದ ಕೊಳಗ ದೊಡ್ಡದು. ಗೇಣಿ ಎಷ್ಟು ಕೊಳಗ ಅಂತ ಬಾಯಲ್ಲಿ ಒಪ್ಪಂದ ಇರ್ತಿತ್ತು. ಕೊಳಗ ಎಷ್ಟು ದೊಡ್ಡದು ಅಂತ ಒಪ್ಪಂದ ಇರಲಿಲ್ಲ. ಅದು ಒಡೆಯರ ಮನೆಯಲ್ಲಿ ಇರ್ತಿತ್ತು. ಆ ಜನ ಮಾಡಿದ ಮೊದಲ ಕೆಲಸ ಏನಪ್ಪಾ ಅಂದ್ರೆ, ‘ಈ ಕೊಳಗ ಎಷ್ಟು ಹಿಡೀತದೆ?’ ಅಂತ ಕೇಳಿದ್ದು. ನಮ್ಮ ಕಣ್ಣಿಗೆ ನೀತಿ ಅಧ್ಯಯನ ಅಂದ್ರೆ ಅದೇ. ಅಳತೆ ಮಾಡುವವನನ್ನೇ ಅಳೆಯೋದು.

ಕಾಗೋಡಿನಿಂದ ಶುರುವಾದ ಕೂಗು ಮುಂದೆ ದೇವರಾಜ ಅರಸು ಕಾಲದಲ್ಲಿ ಕಾನೂನಾಯ್ತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಉಳುವ ಗೇಣಿದಾರ ಫಾರಂ ನಂ. 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟ, ಒಡೆಯನಾದ. ಅದು ದೊಡ್ಡ ಕೆಲಸ, ಇಲ್ಲ ಅನ್ನುವವರು ಸುಳ್ಳು ಹೇಳ್ತಾರೆ. ಆದರೆ ನಮ್ಮ ಕೇರಿಗಳಿಗೆ ಬಂದದ್ದೆಷ್ಟು? ನಮ್ಮ ಅಪ್ಪ ಅಜ್ಜಂದಿರು ಗೇಣಿದಾರರಾಗಿ ಇದ್ದದ್ದೇ ಕಡಿಮೆ. ಅವರು ಕೂಲಿಗಳು, ಜೀತದವರು. ಗೇಣಿದಾರನ ಹಿಂದೆ ನಿಂತು ಸಸಿ ನೆಟ್ಟವರು. ಗೇಣಿ ಕೊಟ್ಟವನ ಹತ್ತಿರ ರಶೀದಿಯಾದರೂ ಇತ್ತು, ಇಲ್ಲಾಂದ್ರೆ ಪಹಣಿಯಲ್ಲಿ ಹೆಸರಿತ್ತು. ಬೆವರು ಕೊಟ್ಟವನ ಹತ್ತಿರ ಏನಿತ್ತು? ‘ಉಳುವವನೇ ಹೊಲದೊಡೆಯ’ ಅಂದಾಗ ಉಳುವವನು ಅಂದ್ರೆ ಯಾರು ಅನ್ನೋದನ್ನ ಕಾಗದ ತೀರ್ಮಾನ ಮಾಡ್ತು, ನೇಗಿಲು ತೀರ್ಮಾನ ಮಾಡಲಿಲ್ಲ. ಫಾರಂ ಕೊಡೋ ಗಡುವು 1979ರ ಜೂನ್ 30ಕ್ಕೆ ಮುಗೀತು. ಆಗ ನಮ್ಮ ಕೇರಿಯಲ್ಲಿ ಆ ಫಾರಂ ಓದುವವರು ಎಷ್ಟು ಜನ ಇದ್ದರು? ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಈಗ ಒಂದು ನಿಜ ಸಂಗತಿ ಹೇಳ್ತೀವಿ.

ಒಂದು ಬೇಸಿಗೆ ರಜೆಯಲ್ಲಿ ನಮ್ಮ ತಂಡದ ಐದು ಜನ ಎರಡೂ ತಾಲ್ಲೂಕುಗಳ ಗಡಿಯ ಒಂದು ಕೇರಿಗೆ ಹೋಗಿದ್ವಿ. ಊರಿನ ಹೆಸರು ಹೇಳೋದಿಲ್ಲ, ಕೇಸು ಇನ್ನೂ ನಡೀತಿದೆ. ಒಬ್ಬ ಅಜ್ಜಿಯ ಮನೆ ಜಗಲಿಯಲ್ಲಿ ಕೂತು, ಮನೆ ಮನೆ ಲೆಕ್ಕ ಬರೀತಾ ಇದ್ವಿ. ಎಷ್ಟು ಜನ, ಎಷ್ಟು ಓದಿದಾರೆ, ಜಮೀನು ಎಷ್ಟು. ಜಮೀನು ಅಂದ ಕೂಡಲೆ ಅಜ್ಜಿ, “ನಮಗೆಂತ ಜಮೀನು ಮಗಾ” ಅಂದ್ಲು. ನಾವು ‘ಇಲ್ಲ’ ಅಂತ ಬರೆದುಕೊಂಡ್ವಿ. ಎದ್ದು ಹೊರಡುವಾಗ ಅಜ್ಜಿ ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಕಾಗದ ತಂದಳು. “ನೀವು ಓದ್ದೋರು, ಇದು ಎಂತ ಅಂತ ನೋಡ್ರಪ್ಪಾ. ನಿಮ್ಮ ಅಜ್ಜ ಇದನ್ನ ಬಿಸಾಕ್ಬೇಡ ಅಂದಿದ್ದ.”

ಅದು ಸಾಗುವಳಿ ಚೀಟಿ. ಅಂಚನ್ನ ಇಲಿ ತಿಂದಿತ್ತು. ಸರ್ವೆ ನಂಬರು ಕಾಣ್ತಿತ್ತು, ಅಜ್ಜನ ಹೆಸರು ಕಾಣ್ತಿತ್ತು, ಜಾತಿ ಕಾಣ್ತಿತ್ತು. ಕೆಳಗೆ ಷರತ್ತುಗಳ ಪಟ್ಟಿ. ಅದರಲ್ಲಿ ಒಂದು: ಈ ಜಮೀನನ್ನು ಪರಭಾರೆ ಮಾಡತಕ್ಕದ್ದಲ್ಲ. ಸರ್ಕಾರ ಪರಿಶಿಷ್ಟ ಜಾತಿಯವನಿಗೆ ಅಂತಲೇ ಕೊಟ್ಟ ಜಮೀನು ಅದು. ಮಗಳ ಮದುವೆಗೆ ಅಜ್ಜ ಸಾಲ ಮಾಡಿದ. ಸಾಲ ಕೊಟ್ಟವನು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಮುಂದಿನ ಮಳೆಗೆ ಅವನ ಎತ್ತು ಬಂತು. ಈಗ ಅಲ್ಲಿ ಶುಂಠಿ ಬೆಳೀತಾರೆ. ಅಜ್ಜಿ ದಿನಗೂಲಿಗೆ ಅಲ್ಲಿಗೇ ಹೋಗ್ತಾಳೆ. ತನ್ನದೇ ಜಮೀನಿನಲ್ಲಿ ಕಳೆ ಕಿತ್ತು ಸಂಜೆ ಕೂಲಿಗೆ ಕೈ ಒಡ್ಡುತ್ತಾಳೆ.

ಗೆಳೆಯರೆ, ನಮಗೆ ನಾಚಿಕೆಯಾದದ್ದು ಆ ಸಾಲ ಕೊಟ್ಟವನ ವಿಷಯದಲ್ಲಲ್ಲ. ಅವನು ಮಾಡೋದನ್ನೇ ಮಾಡಿದ. ನಮಗೆ ನಾಚಿಕೆಯಾದದ್ದು ನಮ್ಮ ವಿಷಯದಲ್ಲಿ. ಆ ಕೇರಿಗೆ ನಾವು ಎಷ್ಟೋ ಸಲ ಹೋಗಿದ್ದೇವೆ. ಏಪ್ರಿಲ್ 14ಕ್ಕೆ ನೀಲಿ ಬಾವುಟ ಕಟ್ಟಿದ್ದೇವೆ, ತಮಟೆ ಬಡಿದಿದ್ದೇವೆ, ಶೋಷಣೆ ಅಂತ ಮೈಕಿನಲ್ಲಿ ಕೂಗಿದ್ದೇವೆ. ಅಜ್ಜಿ ಮುಂದೆಯೇ ಕೂತು ಕೇಳಿ ಚಪ್ಪಾಳೆ ಹೊಡೆದಿದ್ದಾಳೆ. ಒಂದು ಸಲವಾದರೂ, ‘ಅಜ್ಜಿ, ನಿನ್ನ ಪೆಟ್ಟಿಗೆಯಲ್ಲಿ ಏನಿದೆ?’ ಅಂತ ನಾವು ಕೇಳಿರಲಿಲ್ಲ. ಅವತ್ತೂ ಕೇಳಲಿಲ್ಲ, ಅವಳೇ ತಂದಳು. ನಮ್ಮ ನೋಟ್‌ಬುಕ್ಕಿನಲ್ಲಿ ‘ಜಮೀನು: ಇಲ್ಲ’ ಅಂತ ಬರೆದಾಗಿತ್ತು. ಅಂದ್ರೆ ಕಿತ್ತುಕೊಂಡವನ ಲೆಕ್ಕವನ್ನೇ ನಾವೂ ನಮ್ಮ ಕೈಬರಹದಲ್ಲಿ ಬರೆದಿದ್ವಿ.

ಕಾನೂನು ಏನು ಹೇಳ್ತದೆ ಅಂತ ಆಮೇಲೆ ಓದಿದ್ವಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯ್ದೆ 1978ರದು, 1979ರ ಜನವರಿ 1ರಿಂದ ಜಾರಿಯಲ್ಲಿದೆ. ಕಚೇರಿಗಳಲ್ಲಿ ಇದನ್ನ ಪಿ.ಟಿ.ಸಿ.ಎಲ್. ಅಂತಾರೆ. ಷರತ್ತು ಮುರಿದು ಮಾರಿದ್ದು ಕಾನೂನಿನ ಕಣ್ಣಿಗೆ ಮಾರಾಟವೇ ಅಲ್ಲ. ಉಪವಿಭಾಗಾಧಿಕಾರಿ ಜಮೀನನ್ನ ಬಿಡಿಸಿ ಮೊದಲಿನವರಿಗೆ ಅಥವಾ ಅವರ ವಾರಸುದಾರರಿಗೆ ಕೊಡಿಸಬೇಕು. ನಮ್ಮ ಎರಡೂ ತಾಲ್ಲೂಕಿಗೆ ಆ ಕಚೇರಿ ಸಾಗರದಲ್ಲಿದೆ. ಅರ್ಜಿಯನ್ನ ಕಳೆದುಕೊಂಡವರೇ ಕೊಡಬೇಕು ಅಂತಿಲ್ಲ. ಯಾರು ಬೇಕಾದರೂ ಬರಹದಲ್ಲಿ ಮಾಹಿತಿ ಕೊಡಬಹುದು. ಅಂದ್ರೆ ಹಾಸ್ಟೆಲಿನ ಪಿ.ಯು.ಸಿ. ಹುಡುಗಿಯೂ ಕೊಡಬಹುದು. ಈ ಕಾಯ್ದೆಯನ್ನ 1984ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿದಿದೆ.

ಹಾಗಾದ್ರೆ ತೊಡಕೇನು? ತೊಡಕು ಒಂದೇ ಮಾತು: ‘ತಡ’. ಕಾಯ್ದೆಯಲ್ಲಿ ಇಷ್ಟು ವರ್ಷದೊಳಗೆ ಅಂತ ಗಡುವು ಹಾಕಿರಲಿಲ್ಲ. ಆದರೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಡುವಿಲ್ಲದಿದ್ದರೂ ಸಮಂಜಸ ಕಾಲದೊಳಗೆ ಬರಬೇಕು ಅಂತು. ಅಲ್ಲಿಂದ ಈಚೆಗೆ ಅರ್ಜಿ ಮೇಲೆ ಅರ್ಜಿ ಬಿದ್ದವು. ದಲಿತರು ಬೀದಿಗಿಳಿದ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ಕಾಲಮಿತಿ ಅನ್ವಯಿಸೋದಿಲ್ಲ ಅಂತ ತಿದ್ದುಪಡಿ ತಂತು. ತಿದ್ದುಪಡಿ ಬಂದ ಮೇಲೂ ತಡದ ವಾದ ಕೋರ್ಟುಗಳಲ್ಲಿ ನಿಂತಿಲ್ಲ. ನಮ್ಮ ಅಜ್ಜಿಯ ವಿಚಾರಣೆಯಲ್ಲೂ ಎದುರು ಪಾರ್ಟಿಯ ವಕೀಲರು ಕೇಳಿದ್ದು ಅದನ್ನೇ: “ಇಷ್ಟು ವರ್ಷ ಎಲ್ಲಿದ್ದೆಯಮ್ಮಾ?” ಅಜ್ಜಿ ಹೇಳಿದಳು: “ಅಲ್ಲೇ ಇದ್ದೆ ಸ್ವಾಮೀ, ಕಳೆ ಕೀಳ್ತಾ ಇದ್ದೆ.”

ಈ ಪ್ರಶ್ನೆ ಅಜ್ಜಿಗೆ ಕೇಳೋದಲ್ಲ. ಓದು ಬಂದ ನಮಗೆ ಕೇಳೋದು. ಎಲ್ಲಿದ್ದಿರಿ?

ನಮ್ಮ ಸೀಮೆಯನ್ನ ಯಾರೂ ಅಧ್ಯಯನ ಮಾಡಿಲ್ಲ ಅಂತ ಅಲ್ಲ. ಬೇಕಾದಷ್ಟು ಮಾಡಿದ್ದಾರೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಇಬ್ಬರು ಅಧಿಕಾರಿಗಳು ಸೊರಬದ ಕಾನುಗಳ ಮೇಲೆ ಜಂಟಿ ವರದಿ ಬರೆದರು. ಬ್ರಾಂಡಿಸ್ ಅಂದ್ರೆ ಇಡೀ ಬ್ರಿಟಿಷ್ ಇಂಡಿಯಾದ ಅರಣ್ಯಗಳ ಮೇಲಧಿಕಾರಿ. ಕಾನು ಅಂದ್ರೆ ಮೆಣಸು, ಬಗನಿ, ಕಾಡುಹಣ್ಣು, ಊರಿನ ನೀರು ಎಲ್ಲ. ಲೂಯಿ ರೈಸ್ ನಮ್ಮ ತಾಲ್ಲೂಕುಗಳ ಶಾಸನದ ಕಲ್ಲುಗಳನ್ನೆಲ್ಲ ಓದಿಸಿ ಅಚ್ಚು ಹಾಕಿಸಿದ. ಶಿಕಾರಿಪುರದ್ದು 1902ರ ಸಂಪುಟದಲ್ಲಿದೆ, ಸೊರಬದ್ದು 1904ರದ್ದರಲ್ಲಿ. ತಾಳಗುಂದ, ಬಳ್ಳಿಗಾವಿ, ಕುಪ್ಪಟೂರು, ಯಾವ ಕಲ್ಲೂ ಲೆಕ್ಕ ತಪ್ಪಬಾರದು ಅಂತ ನಂಬರು ಕೊಟ್ಟ. ಆ ಕಲ್ಲುಗಳಲ್ಲಿ ಏನಿದೆ ನೋಡಿ. ಯಾವ ರಾಜ ಯಾರಿಗೆ ಎಷ್ಟು ಭೂಮಿ ಕೊಟ್ಟ, ಪೂರ್ವಕ್ಕೆ ಯಾವ ಕೆರೆ, ಪಶ್ಚಿಮಕ್ಕೆ ಯಾವ ಮರ ಎಲ್ಲ ಬರೆದಿದೆ. ಕಸಿದವನು ಹುಳುವಾಗಿ ಹುಟ್ಟುತ್ತಾನೆ ಅಂತ ಶಾಪವೂ ಇದೆ. ಭೂಮಿ ಪಡೆದವರಿಗೆ ಆ ಕಾಲದಲ್ಲೇ ಗೊತ್ತಿತ್ತು, ದಾಖಲೆ ಇಲ್ಲದಿದ್ದರೆ ದಾನ ಉಳಿಯೋದಿಲ್ಲ ಅಂತ. ಅವರು ಕಲ್ಲಿನಲ್ಲಿ ಕೊರೆಸಿದರು. ನಮಗೆ ಸಿಕ್ಕಿದ್ದು ಕಾಗದ. ಅದಕ್ಕೂ ಇಲಿ ಹತ್ತಿತು.

ಈಚಿನದಕ್ಕೆ ಬರೋಣ. ಪ್ರಾದೇಶಿಕ ಅಸಮತೋಲನ ಎಲ್ಲಿದೆ ಅಂತ ನೋಡಲು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ನೇಮಕವಾಯ್ತು, 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನ ಹಿಡಿದು ಆಗಿನ 175 ತಾಲ್ಲೂಕುಗಳನ್ನ ತೂಗಿತು. 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತು. ಆ ವರದಿ ಬಂದ ಮೇಲೆ ವಿಶೇಷ ಅಭಿವೃದ್ಧಿ ಯೋಜನೆ ಅಂತ ಹಣ ಹರೀತು. 2024ರಲ್ಲಿ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯೂ ರಚನೆಯಾಯ್ತು. ಇದನ್ನ ನಾವು ಹಗುರವಾಗಿ ಕಾಣಬಾರದು. ಜಿಲ್ಲೆ ಅಂತ ನೋಡಿದರೆ ಬಡ ತಾಲ್ಲೂಕು ಮರೆಯಾಗುತ್ತೆ, ತಾಲ್ಲೂಕನ್ನೇ ನೋಡಿ ಅಂತ ತೋರಿಸಿಕೊಟ್ಟದ್ದು ನಂಜುಂಡಪ್ಪನವರ ದೊಡ್ಡತನ. ಆದರೆ ಅದೇ ಮಾತನ್ನ ಇನ್ನೊಂದು ಮೆಟ್ಟಿಲು ಕೆಳಗಿಳಿಸಿ ಕೇಳಿ. ತಾಲ್ಲೂಕು ಅಂತ ನೋಡಿದರೆ ಕೇರಿ ಮರೆಯಾಗೋದಿಲ್ವಾ? ತಾಲ್ಲೂಕಿನಲ್ಲಿ ಇಷ್ಟು ಕಿಲೋಮೀಟರು ರಸ್ತೆ ಅಂತಾರೆ. ಆ ರಸ್ತೆ ಕೇರಿಯ ಬಾಯಿಗೆ ಬಂದು ನಿಂತಿದ್ದು ಯಾವ ಸೂಚಕದಲ್ಲಿ ಕಾಣ್ತದೆ? ಇಷ್ಟು ಕೊಳವೆಬಾವಿ ಅಂತಾರೆ. ಅದು ಯಾರ ಮನೆ ಮುಂದಿದೆ? ಕೆರೆ ತುಂಬಿದೆ ಅಂತಾರೆ. ತೂಬು ಎತ್ತೋ ನೀರಗಂಟಿಗೆ ಆ ಕೆರೆ ಕೆಳಗೆ ಒಂದು ಗುಂಟೆ ಇದೆಯಾ? ಸರಾಸರಿ ಅನ್ನೋದೂ ಒಂದು ಕೊಳಗವೇ. ಅದರೊಳಗೆ ಗೌಡರ ಹತ್ತು ಎಕರೆಯೂ ನಮ್ಮ ಸೊನ್ನೆಯೂ ಒಟ್ಟಿಗೆ ಬಿದ್ದು ಐದೈದಾಗಿ ಹೊರಗೆ ಬರ್ತಾವೆ.

ಇನ್ನೊಂದು ಭ್ರಮೆಯನ್ನೂ ಬಿಡಬೇಕು. ನಮ್ಮ ತಾಲ್ಲೂಕಿನವರೇ ಮುಖ್ಯಮಂತ್ರಿ ಆದರೆ ನಮ್ಮ ಕಷ್ಟ ತೀರ್ತದೆ ಅನ್ನೋದು. ಈ ಅದೃಷ್ಟ ನಮ್ಮಷ್ಟು ಯಾರಿಗಿದೆ? 1967ರಿಂದ ಸೊರಬ ಗೆಲ್ಲುತ್ತಾ ಬಂದ ಎಸ್. ಬಂಗಾರಪ್ಪನವರು 1990ರಿಂದ 92ರವರೆಗೆ ಮುಖ್ಯಮಂತ್ರಿಯಾಗಿದ್ದರು. 1983ರಲ್ಲಿ ಶಿಕಾರಿಪುರದಿಂದ ಮೊದಲು ಗೆದ್ದ ಬಿ.ಎಸ್. ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ತಗೊಂಡರು. ಅಕ್ಕಪಕ್ಕದ ಎರಡು ತಾಲ್ಲೂಕಿಗೆ ಇಬ್ಬರು ಮುಖ್ಯಮಂತ್ರಿ! ರಸ್ತೆ ಬಂತು, ಕಟ್ಟಡ ಬಂತು, ಯೋಜನೆ ಬಂತು. ಬರಲಿಲ್ಲ ಅಂತ ನಾವು ಹೇಳ್ತಿಲ್ಲ. ಆದರೆ ಅಜ್ಜಿಯ ಪೆಟ್ಟಿಗೆ ತೆರೆಯಲು ಯಾವ ಮುಖ್ಯಮಂತ್ರಿಯೂ ಬರೋದಿಲ್ಲ. ಅದು ಅವರ ಕೆಲಸವೂ ಅಲ್ಲ. ಅದು ಆ ಕೇರಿಯಲ್ಲಿ ಹುಟ್ಟಿ, ಸರ್ಕಾರಿ ಅನ್ನ ತಿಂದು, ಅಕ್ಷರ ಕಲಿತವರ ಕೆಲಸ.

‘ಅಣ್ಣಾ, ಕಾಗದ ಓದೋದೆಲ್ಲ ಗುಮಾಸ್ತರ ಕೆಲಸ, ನಮಗೆ ಹೋರಾಟ ಬೇಕು’ ಅನ್ನುವವರು ನಿಮ್ಮಲ್ಲಿ ಇರಬಹುದು. ನಮ್ಮಲ್ಲೂ ಇದ್ದರು. ಅವರಿಗೆ ಮಹಾಡಿನ ಕತೆ ಪೂರ್ತಿ ಹೇಳಬೇಕು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚೆ ಏನಾಗಿತ್ತು? 1923ರಲ್ಲಿ ಬೊಂಬಾಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಒಂದು ಠರಾವು ಮಾಡಿಸಿದ್ದರು: ಸರ್ಕಾರಿ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡ್ ಪುರಸಭೆ ಅದನ್ನ ಒಪ್ಪಿ ತಾನೂ ಠರಾವು ಮಾಡಿತು. ಮಾಡಿ ಕಡತದಲ್ಲಿಟ್ಟಿತು. ಕಡತದಲ್ಲಿ ಸತ್ತು ಬಿದ್ದಿದ್ದ ಆ ಠರಾವನ್ನ ಓದಿ ಅದಕ್ಕೆ ಕಾಲು ಕೊಟ್ಟದ್ದು ಸತ್ಯಾಗ್ರಹ. ಆಮೇಲೂ ಬಿಡಲಿಲ್ಲ. ಕೆರೆ ಸವರ್ಣರ ಖಾಸಗಿ ಸ್ವತ್ತು ಅಂತ ಅವರು ಕೋರ್ಟಿಗೆ ಹೋದರು. ಹತ್ತು ವರ್ಷ ಸಾಕ್ಷಿ, ದಾಖಲೆ, ವಾದ. 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಗೆದ್ದರು. ನೀರು ಮುಟ್ಟಿದ್ದು ಒಂದು ದಿನ. ಆ ದಿನದ ಹಿಂದೆ ನಾಲ್ಕು ವರ್ಷದ ಓದು, ಮುಂದೆ ಹತ್ತು ವರ್ಷದ ಓದು. ನಾವು ಆ ಒಂದು ದಿನದ ಚಿತ್ರವನ್ನ ಗೋಡೆಗೆ ಹಾಕಿಕೊಂಡು ಹದಿನಾಲ್ಕು ವರ್ಷವನ್ನ ಮರೆತಿದ್ದೇವೆ.

ಹಾಗಂತ ಕಾಗದ ಒಂದೇ ಸಾಕು ಅಂತ ಅಲ್ಲ. ಜನರನ್ನ ಕೇಳೋದನ್ನ ಕಲೀಬೇಕು. ಇದಕ್ಕೆ ನಮ್ಮ ಸೊರಬದಲ್ಲೇ ಕಹಿ ಪಾಠ ಇದೆ. 1986ರ ಮಾರ್ಚ್‌ನಲ್ಲಿ ಚಂದ್ರಗುತ್ತಿ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಿ ಅಂತ ಹೇಳಲು ದಲಿತ ಸಂಘರ್ಷ ಸಮಿತಿಯವರು ಹೋದರು, ಜತೆಗೆ ಬೇರೆ ಪ್ರಗತಿಪರರೂ ಹೋದರು. ಹೆಣ್ಣುಮಕ್ಕಳ ಮಾನ ಉಳಿಸುವ ಕೆಲಸ, ನೂರಕ್ಕೆ ನೂರು ಸರಿ. ಆದರೆ ಹರಕೆ ಹೊತ್ತು ಬಂದ ಜನ ತಿರುಗಿ ಬಿದ್ದರು. ಕಾರ್ಯಕರ್ತರನ್ನ ಹೊಡೆದರು, ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಿದರು. ಆಮೇಲೆ ವಿಚಾರಣೆ ನಡೀತು, ಸರ್ಕಾರ ನಿಷೇಧ ಹಾಕಿತು. ಹರಕೆ ಹೊತ್ತವರಲ್ಲಿ ನಮ್ಮವರೇ ಎಷ್ಟೋ ಜನ, ಬಡವರೇ ಎಲ್ಲ. ಆ ಹರಕೆ ಯಾಕೆ ಹೊತ್ತರು, ಮಗುವಿನ ಕಾಯಿಲೆಗೋ, ಚರ್ಮದ ರೋಗಕ್ಕೋ, ಮಳೆಗೋ, ಅವರ ಊರಲ್ಲಿ ಆಸ್ಪತ್ರೆ ಇತ್ತೋ ಇಲ್ಲವೋ, ಅವರನ್ನ ಯಾರು ಜಾತ್ರೆಗೆ ಕಳಿಸ್ತಾರೆ, ಇದರಿಂದ ಯಾರಿಗೆ ಕಾಸು, ಇದನ್ನೆಲ್ಲ ಜಾತ್ರೆಗೆ ಆರು ತಿಂಗಳು ಮುಂಚೆ ಅವರ ಊರಿಗೇ ಹೋಗಿ ಕೇಳಬೇಕಾಗಿತ್ತು ಅಂತ ಇವತ್ತು ನಮಗನ್ನಿಸ್ತದೆ. ಅವತ್ತು ಪೆಟ್ಟು ತಿಂದವರ ಧೈರ್ಯಕ್ಕೆ ನಾವು ತಲೆಬಾಗ್ತೀವಿ. ಅವರ ಪೆಟ್ಟಿನಿಂದ ಕಲಿಯದೆ ಹೋದರೆ ಆ ತಲೆಬಾಗುವಿಕೆಗೆ ಅರ್ಥ ಇಲ್ಲ. ಭಾಷಣ ಒಯ್ಯುವುದಕ್ಕಿಂತ ಮುಂಚೆ ಪ್ರಶ್ನೆ ಒಯ್ಯಬೇಕು.

ಲೆಕ್ಕ ನಮ್ಮ ಕೈಲಿ ಇಲ್ಲದಿದ್ದರೆ ಇನ್ನೊಂದು ಅಪಾಯ ಇದೆ. ನಾವು ನಾವೇ ಕಚ್ಚಾಡ್ತೀವಿ. 2023ರ ಮಾರ್ಚ್‌ನಲ್ಲಿ ಇದೇ ಶಿಕಾರಿಪುರದಲ್ಲಿ ಏನಾಯ್ತು? ಒಳಮೀಸಲಾತಿಯ ವಿರುದ್ಧ ಲಂಬಾಣಿ ಬಂಧುಗಳು ಬೀದಿಗಿಳಿದರು, ಯಡಿಯೂರಪ್ಪನವರ ಮನೆಗೆ ಕಲ್ಲು ಬಿತ್ತು, ಲಾಠಿ ಬೀಸಿತು. ತಾಂಡಾದ ಹುಡುಗ ಹೊಲಗೇರಿಯ ಹುಡುಗನನ್ನ ಅನುಮಾನದಿಂದ ನೋಡಿದ, ಹೊಲಗೇರಿಯವನು ಮಾದಿಗರ ಕೇರಿಯವನನ್ನ ನೋಡಿದ. ಯಾರ ಕೈಲೂ ಅಂಕಿ ಇರಲಿಲ್ಲ, ಎಲ್ಲರ ಕೈಲೂ ಭಯ ಇತ್ತು. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 101 ಜಾತಿಗಳ ಮನೆಮನೆ ಸಮೀಕ್ಷೆ ಮಾಡಿ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅದರ ಬಗ್ಗೆ ಈ ಸಭೆಯಲ್ಲೇ ಎರಡು ಮೂರು ಅಭಿಪ್ರಾಯ ಇರಬಹುದು, ಇರಲಿ. ಆದರೆ ಒಂದು ಮಾತು. ನಮ್ಮ ಊರಿನ ತಾಂಡಾಕ್ಕೆ ಎಷ್ಟು ಜಮೀನಿದೆ, ಭೋವಿ ಕಾಲೋನಿಯಲ್ಲಿ ಎಷ್ಟು ಜನ ಎಸ್.ಎಸ್.ಎಲ್.ಸಿ. ದಾಟಿದ್ದಾರೆ, ಮಾದಿಗರ ಕೇರಿಯಲ್ಲಿ ಎಷ್ಟು ಮನೆಗೆ ಹಕ್ಕುಪತ್ರ ಇದೆ ಅಂತ ನಾಲ್ಕೂ ಕಡೆಯ ಹುಡುಗರು ಒಟ್ಟಿಗೆ ಕೂತು ಬರೆದಿದ್ದರೆ, ಕಲ್ಲು ಎತ್ತುವ ಮುಂಚೆ ಒಬ್ಬರ ಮುಖ ಒಬ್ಬರು ನೋಡ್ತಿದ್ವಿ. ನಿಮ್ಮ ಹಾಸ್ಟೆಲಿನಲ್ಲಿ ಈ ನಾಲ್ಕು ಜನ ಒಂದೇ ತಟ್ಟೆ ಸಾಲಿನಲ್ಲಿ ಕೂತು ಉಣ್ತೀರಿ. ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?

ಹಾಗಾದರೆ ಮಾಡೋದೇನು? ದೊಡ್ಡ ಯೋಜನೆ ಬೇಡ. ಈ ರಜೆಗೆ ನಾಲ್ಕು ಕೆಲಸ.

ಒಂದು. ಪೆಟ್ಟಿಗೆ ತೆರೆಸಿ. ನಿಮ್ಮ ಕೇರಿಯ ಪ್ರತಿ ಮನೆಯಲ್ಲೂ ಸಾಗುವಳಿ ಚೀಟಿ, ಹಕ್ಕುಪತ್ರ, ಹಳೇ ಪಹಣಿ, ಕಂದಾಯ ರಶೀದಿ ಏನಿದೆ ಅಂತ ಪಟ್ಟಿ ಮಾಡಿ. ತೋಟಿ, ತಳವಾರ, ನೀರಗಂಟಿ ಇನಾಮು ಇತ್ತಾ ಅಂತ ಕೇಳಿ. ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಆ ಜಮೀನು ಚಾಕರಿ ಮಾಡಿದವರಿಗೇ ಮರುಮಂಜೂರಾಗಬೇಕಿತ್ತು, ಎಷ್ಟು ಜನಕ್ಕೆ ಆಯ್ತು ನೋಡಿ. ಕಾಗದ ಕಿತ್ತುಕೊಂಡು ಬರಬೇಡಿ. ಫೋನಿನಲ್ಲಿ ಚಿತ್ರ ತೆಗೆದು ಮೂಲವನ್ನ ಅವರ ಕೈಗೇ ಕೊಡಿ.

ಎರಡು. ಇವತ್ತಿನ ಪಹಣಿ ತೆಗೆಸಿ, ಪೆಟ್ಟಿಗೆಯ ಕಾಗದದ ಪಕ್ಕಕ್ಕಿಟ್ಟು ನೋಡಿ. ಹೆಸರು ಬೇರೆ ಇದ್ದರೆ ನಡುವೆ ಏನಾಯ್ತು ಅಂತ ಮ್ಯುಟೇಷನ್ ಹೇಳ್ತದೆ. ಕಚೇರಿಯಲ್ಲಿ ‘ಸಿಗಲ್ಲ, ನಾಳೆ ಬಾ’ ಅಂದ್ರೆ ಸಿಟ್ಟು ಮಾಡಬೇಡಿ, ಅರ್ಜಿ ಮಾಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಮ್ಮ ಮೊದಲ ಅರ್ಜಿಯಲ್ಲಿ ನಾವು ಅರ್ಧ ಪುಟ ಅನ್ಯಾಯದ ವರ್ಣನೆ ಬರೆದಿದ್ವಿ, ವಾಪಸ್ ಬಂತು. ಎರಡನೇ ಸಲ ನಾಲ್ಕು ಸಾಲು ಬರೆದ್ವಿ: ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಮಂಜೂರಾತಿ ರಿಜಿಸ್ಟರಿನ ದೃಢೀಕೃತ ನಕಲು ಕೊಡಿ. ಬಂತು.

ಮೂರು. ಮುದುಕರ ಮಾತು ಬರೆದುಕೊಳ್ಳಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದ್ರೆ 75 ವರ್ಷ, ಆ ಜಾಗದಲ್ಲಿ ವಾಸ ಇದ್ದದ್ದನ್ನ ತೋರಿಸಬೇಕು. ಕಾಡಂಚಿನ ನಮ್ಮ ಜನ ಎಲ್ಲಿಂದ ತರಬೇಕು 75 ವರ್ಷದ ಕಾಗದ? ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನ ಬರಹಕ್ಕಿಳಿಸಿದರೆ ಅದೂ ಪುರಾವೆ ಅಂತಿದೆ. ಅಂದ್ರೆ ಪಕ್ಕದ ಮನೆ ಅಜ್ಜಿಯ ನೆನಪೂ ದಾಖಲೆ. ಬರೆಯುವವರು ಬೇಕು ಅಷ್ಟೆ. ಅಜ್ಜಿ ನಿಮಗಾಗಿ ಕಾಯ್ತಾ ಕೂತಿರಬಹುದು, ವಯಸ್ಸು ಕಾಯೋದಿಲ್ಲ.

ನಾಲ್ಕು. ಗ್ರಾಮಸಭೆಗೆ ಹೋಗಿ. ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆ ಹೇಳ್ತದೆ. ಎಷ್ಟು ಕಡೆ ಸಹಿ ಪುಸ್ತಕವನ್ನ ಮನೆ ಮನೆಗೆ ಕಳಿಸಿ ಸಭೆ ಮುಗಿಸ್ತಾರೆ! ನೀವು ಹೋಗಿ ನಿಂತರೆ ಅದು ಸಭೆಯಾಗುತ್ತೆ. ಅಲ್ಲಿ ಕೇಳಿ: ಈ ವರ್ಷ ಪರಿಶಿಷ್ಟರ ಪಾಲಿನ ಹಣ ಎಷ್ಟು, ಯಾವ ಕೆಲಸಕ್ಕೆ, ಯಾವ ಕೇರಿಯಲ್ಲಿ? 2013ರಲ್ಲಿ ಬಂದ ಉಪಯೋಜನೆ ಕಾಯ್ದೆ ಪ್ರಕಾರ ರಾಜ್ಯದ ಅಭಿವೃದ್ಧಿ ಹಣದಲ್ಲಿ ನಮ್ಮ ಜನಸಂಖ್ಯೆಯಷ್ಟು ಪಾಲು, ಅಂದ್ರೆ ನೂರಕ್ಕೆ 24.1, ನಮಗಾಗಿಯೇ ಖರ್ಚಾಗಬೇಕು. ಅದರಲ್ಲಿದ್ದ 7(ಡಿ) ಅನ್ನುವ ಕಂಡಿಯಿಂದ ಎಲ್ಲರ ರಸ್ತೆ, ಎಲ್ಲರ ಸೇತುವೆಯನ್ನೂ ನಮ್ಮ ಲೆಕ್ಕಕ್ಕೆ ಬರೆದರು. ಹೋರಾಟದ ಫಲವಾಗಿ 2023ರಲ್ಲಿ ಆ ಕಂಡಿ ಮುಚ್ಚಿತು. ಗ್ಯಾರಂಟಿ ಯೋಜನೆಗಳಿಗೆ ಈ ಹಣ ಹಾಕಿದ್ದರ ಮೇಲೆ ಮತ್ತೆ ವಾದ ಎದ್ದಿದೆ. ಬೆಂಗಳೂರಿನ ವಾದ ಬೆಂಗಳೂರಿನಲ್ಲಿ ನಡೀಲಿ. ನಿಮ್ಮ ಪಂಚಾಯ್ತಿಯ ಲೆಕ್ಕ ನಿಮ್ಮ ಪಂಚಾಯ್ತಿಯಲ್ಲೇ ಕೇಳಬೇಕು. ಅದನ್ನ ನಮ್ಮ ಪರವಾಗಿ ಬೇರೆ ಯಾರೂ ಕೇಳೋದಿಲ್ಲ.

ಗ್ರಾಮಸಭೆಯಲ್ಲಿ ಮೊದಲ ಸಲ ಎದ್ದಾಗ ಕಾಲು ನಡುಗ್ತದೆ, ಅದನ್ನೂ ಹೇಳಿಬಿಡ್ತೀವಿ. ನಿಮ್ಮಪ್ಪ ಕೂಲಿ ಮಾಡುವ ಮನೆಯ ಯಜಮಾನರು ಎದುರಿಗೆ ಕೂತಿರ್ತಾರೆ. ‘ಏನೋ, ನಾಲ್ಕಕ್ಷರ ಕಲಿತ ತಕ್ಷಣ ದೊಡ್ಡವನಾಗಿಬಿಟ್ಯಾ?’ ಅಂತಾರೆ. ಮಾರನೇ ದಿನ ನಿಮ್ಮವ್ವನಿಗೆ ಕೂಲಿಗೆ ಬರಬೇಡ ಅಂತ ಹೇಳಿಯೂ ಕಳಿಸಬಹುದು. ಅದಕ್ಕೇ ಒಬ್ಬರೇ ಹೋಗಬೇಡಿ. ಮನೆಯವರಿಗೆ ಮುಂಚೆಯೇ ಹೇಳಿ, ಅವರನ್ನೂ ಕರೆದುಕೊಂಡು ಹೋಗಿ. ಬೈಬೇಡಿ, ಅಂಕಿ ಓದಿ. ಬೈಗಳಿಗೆ ಅವರ ಹತ್ತಿರ ಉತ್ತರ ಇರ್ತದೆ. ಅಂಕಿಗೆ ಅಷ್ಟು ಸುಲಭವಾಗಿ ಇರೋದಿಲ್ಲ. ಓದಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಕೇಳಿ ತಗೊಳ್ಳಿ. ನಡಾವಳಿಗೆ ಹೋಗದ ಮಾತು ಗಾಳಿಗೆ ಹೋದ ಮಾತು.

ಗೆಳೆಯರೆ, ಬಾಬಾಸಾಹೇಬರು ಶಿಕ್ಷಣ, ಸಂಘಟನೆ, ಹೋರಾಟ ಅಂದರು. ಈ ಮೂರನ್ನ ನಾವು ಮೂರು ಬೇರೆ ಬೇರೆ ಕೋಣೆ ಮಾಡಿಕೊಂಡಿದ್ದೇವೆ. ಶಿಕ್ಷಣ ಪರೀಕ್ಷೆಗೆ, ಸಂಘಟನೆ ಮೆರವಣಿಗೆಗೆ, ಹೋರಾಟ ಪತ್ರಿಕೆಯ ಚಿತ್ರಕ್ಕೆ. ಅಜ್ಜಿಯ ಚೀಟಿಯನ್ನ ಓದಿದ್ದು ಶಿಕ್ಷಣ. ಐದು ಜನ ಅದರ ಬೆನ್ನು ಹತ್ತಿದ್ದು ಸಂಘಟನೆ. ಸಾಗರದ ಬಸ್ಸು ಹತ್ತಿ ಪ್ರತಿ ತಾರೀಖಿಗೂ ಅವಳ ಜತೆ ಹೋಗ್ತಿರೋದು ಹೋರಾಟ. ಮೂರೂ ಒಂದೇ ಕಾಗದದಲ್ಲಿತ್ತು.

ಕೇಸು ಗೆಲ್ತದಾ? ನಮಗೆ ಭರವಸೆ ಕೊಡಲು ಬರೋದಿಲ್ಲ. ಅಜ್ಜಿ ಇನ್ನೂ ಅದೇ ಹೊಲಕ್ಕೆ ಕೂಲಿಗೆ ಹೋಗ್ತಿದ್ದಾಳೆ. ಆದರೆ ನಮ್ಮ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಬರೆದಿದ್ದ ‘ಇಲ್ಲ’ ಅನ್ನೋದನ್ನ ಹೊಡೆದು ಹಾಕಿ, ಸರ್ವೆ ನಂಬರು ಬರೆದಿದ್ದೇವೆ. ಅದೇ ಕೇರಿಯಲ್ಲಿ ಆಮೇಲೆ ಇನ್ನೂ ಮೂರು ಪೆಟ್ಟಿಗೆ ತೆರೆದವು.

ನಿಮ್ಮ ಕೇರಿಯಲ್ಲಿ ಎಷ್ಟಿವೆ? ರಜೆ ಮುಗಿಸಿ ಬರುವಾಗ ಆ ಲೆಕ್ಕ ತನ್ನಿ. ಒಡೆಯರ ಕೊಳಗ ಎಷ್ಟು ಹಿಡೀತದೆ ಅಂತ ಕಾಗೋಡಿನ ಜನ ಕೇಳಿದರು. ನಮ್ಮ ಕೊಳಗವನ್ನ ನಾವೇ ಹಿಡಿಯೋ ಕಾಲ ಬಂದಿದೆ.

ಜೈ ಭೀಮ್.